ಎತ್ತುಗಳ ಹೆಗಲಹುಣ್ಣಿಗೆ ಸೊಪ್ಪಿನ ಮುಲಾಮು

ಉಳುಮೆಯ ಕಾಲದಲ್ಲಿ ನೊಗವು ಉಜ್ಜಿ ಎತ್ತುಗಳ ಹೆಗಲು ಬಾತುಕೊಂಡು, ಚರ್ಮವು ಸುಲಿದು ಹುಣ್ಣಾಗುವುದನ್ನು ರೈತರೆಲ್ಲರೂ ಬಲ್ಲರು. ಇದನ್ನು ಉದಾಸೀನ ಮಾಡಿದಲ್ಲಿ ನೊಣಗಳು ಮೊಟ್ಟೆಯಿಟ್ಟು ಹುಳು ಬೀಳುವುವು. ಭೂಮಿಗೆ ಹದ ಬಂದ ಹೊತ್ತಿಗೆ ಎತ್ತು ಕೊಟ್ಟಿಗೆಯಲ್ಲಿಯೇ ನಿಲ್ಲಬೇಕಾಗುವುದು. ಇದಕ್ಕೆ ತಕ್ಕ ಮದ್ದು ನಮ್ಮ ಹಿತ್ತಲಿನಲ್ಲಿಯೇ ಇದೆ. ಆದರೆ ಕ್ರಮವರಿತು ಉಪಯೋಗಿಸಿದರೆ ಮಾತ್ರ ಗುಣ ಕಂಡುಬರುವುದು.

ದನಗಳ ಗಾಯಗಳಿಗಾಗಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚಾರಕ್ಕೆ ತಂದಿರುವ ಮುಲಾಮಿನ ವಿವರ ಹೀಗಿದೆ: ಕುಪ್ಪಿಗಿಡ, ಬೇವು, ತುಲಸಿ, ಮದರಂಗಿ ಇವುಗಳ ಸೊಪ್ಪು ತಲಾ ಒಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಅರಿಸಿನದ ಪುಡಿ 20 ಗ್ರಾಂ, ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ 500 ಮಿಲಿಲೀಟರು. ಸೊಪ್ಪುಗಳನ್ನೂ ಬೆಳ್ಳುಳ್ಳಿಯನ್ನೂ ನುಣ್ಣಗೆ ಅರೆದು, ಅರಿಸಿನದೊಡನೆ ಎಣ್ಣೆಯಲ್ಲಿ ಬೆರೆಸಿ ಕುದಿಸಿ, ಆರಿದ ತರುವಾಯ ಉಪಯೋಗಿಸತಕ್ಕದ್ದು. ಅರಿಸಿನವು ಬಾವನ್ನು ತಗ್ಗಿಸುವುದು. ಬೇವು, ಬೆಳ್ಳುಳ್ಳಿಗಳು ಕೀವುಂಟುಮಾಡುವ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುವು.

ಮುಲಾಮನ್ನು ಲೇಪಿಸುವುದಕ್ಕೆ ಮುಂಚೆ ಹುಣ್ಣನ್ನು ಶುದ್ಧಮಾಡುವುದೇ ಮುಖ್ಯವಾದ ಕೆಲಸ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪನ್ನು ಹಾಕಿ, ಆ ನೀರಿನಿಂದ ಕೀವು, ಮಣ್ಣು, ಕೂದಲುಗಳನ್ನು ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒರಸಬೇಕು. ಹುಳು ಬಿದ್ದಿದ್ದರೆ ಮೊದಲನೆಯ ದಿನ ಸೀತಾಫಲದ ಎಲೆಯನ್ನು ಅರೆದು ಹಚ್ಚುವುದು, ಇಲ್ಲವೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆಯನ್ನು ಬಿಡುವುದು. ಸೀತಾಫಲದ ರಸವು ದನದ ಕಣ್ಣಿಗಾಗಲಿ ಮನುಷ್ಯರ ಕಣ್ಣಿಗಾಗಲಿ ತಗುಲಕೂಡದು. ಹುಣ್ಣು ಪೂರ್ತಿಯಾಗಿ ಮಾಯುವ ತನಕ ನೊಗವನ್ನು ಹೂಡಲೇಬಾರದು. ನೊಗದ ಒರಟನ್ನು ಕೆತ್ತಿ ನಯಮಾಡಿಸದಿದ್ದರೆ ಯಾವ ಮದ್ದೂ ನಿಲ್ಲದು.

ಕೆಲವರು ಗಾಯಕ್ಕೆ ಸಗಣಿ, ಮಣ್ಣುಗಳನ್ನು ಮೆತ್ತುವರು. ಇದು ಧನುರ್ವಾಯುವಿಗೆ ಎಡೆಗೊಡುವ ಪದ್ಧತಿಯಾದುದರಿಂದ ಕೂಡಲೇ ಬಿಡತಕ್ಕದ್ದು.

ಈ ಮುಲಾಮು ಮೇಲ್ಭಾಗದ ಹುಣ್ಣುಗಳಿಗೆ ಮಾತ್ರ. ಮೊಳೆ ಚುಚ್ಚಿದ ಆಳವಾದ ಗಾಯ, ದುರ್ವಾಸನೆಯ ಕೀವು, ಜ್ವರ, ಮೇವು ಬಿಡುವಿಕೆ ಇವು ಕಂಡರೆ ಪಶುವೈದ್ಯರನ್ನು ಕರೆಯಿಸಬೇಕು. ಹುಚ್ಚುನಾಯಿ ಕಚ್ಚಿದ ಗಾಯಕ್ಕೆ ಯಾವ ಲೇಪವನ್ನೂ ಹಚ್ಚಕೂಡದು; ಕೈಗೆ ರಬ್ಬರಿನ ಚೀಲ ತೊಟ್ಟು, ಸಾಬೂನು ಮತ್ತು ಧಾರಾಳವಾದ ನೀರಿನಿಂದ 15 ನಿಮಿಷ ತೊಳೆದು, ತಡವಿಲ್ಲದೆ ಪಶುವೈದ್ಯರಿಗೆ ತಿಳಿಸಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಬೇಲಿಯ ಸಾಲಿನಲ್ಲಿ ಬೇವು, ಮದರಂಗಿ, ಸೀತಾಫಲದ ಗಿಡಗಳನ್ನು ಬೆಳೆಯಿಸಿ, ಬೇಡಿಬಂದ ಬಡರೈತರಿಗೆ ಸೊಪ್ಪನ್ನು ಕೊಟ್ಟು, ಹುಣ್ಣು ಮಾಯದ ಎತ್ತುಗಳನ್ನು ಹೂಡದಂತೆ ಬುದ್ಧಿ ಹೇಳಿದರೆ ಊರಿನ ಬೇಸಾಯಕ್ಕೆ ಮಹೋಪಕಾರವಾಗುವುದು.