ತಿಜೋರಿಯಲ್ಲಿರೋದಕ್ಕೆ ಬೆಲೆ ಇಲ್ಲ, ಗುಜರಿಗೆ ಹಾಕಿದ್ದಕ್ಕಿತ್ತು!

ನಿಮ್ಮ ಫೋನಿಗೂ ಈ ಮೆಸೇಜ್ ಬಂದಿರುತ್ತೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಇದ್ರೆ ಲಕ್ಷ ಲಕ್ಷ. ಟ್ರ್ಯಾಕ್ಟರ್ ಚಿತ್ರದ ಹಳೇ ಐದರ ನೋಟಿಗೂ ಲಕ್ಷ. ಕೆಳಗೊಂದು ವಾಟ್ಸಾಪ್ ನಂಬರ್. ಇಂಥ ಮೆಸೇಜ್ ಓದಿದ ಕೂಡಲೇ ಆಳಂದ, ಅಫಜಲಪುರ, ಜೇವರ್ಗಿ ಕಡೆ ಕೆಲವರು ಎದ್ದು ಹೋಗಿ ತಿಜೋರಿ ತೆಗೀತಾರೆ. ಯಾಕೆ ಗೊತ್ತಾ? ಅಲ್ಲಿ ಮುತ್ಯಾ ಕಾಲದ್ದೊಂದು ಗಂಟಿರುತ್ತೆ. ಬಿಚ್ಚಿದರೆ ಚಾರ್‌ಮಿನಾರ್ ಛಾಪಿನ ಬೆಳ್ಳಿ ರೂಪಾಯಿ!

ಅದಕ್ಕೊಂದು ಇತಿಹಾಸ ಇದೆ. ಕಲಬುರಗಿ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ. ಜನ ಅದನ್ನ ಹಾಲಿ ಸಿಕ್ಕಾ ಅಂತಿದ್ರು. ಏಳು ಹಾಲಿ ರೂಪಾಯಿ ಕೊಟ್ರೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ ಸಿಗೋದು. ಸಂಸ್ಥಾನ ಹೋದ ಮೇಲೂ ಅದು ತಕ್ಷಣ ಸಾಯಲಿಲ್ಲ. 1959ರವರೆಗೆ ಭಾರತದ ರೂಪಾಯಿ ಜೊತೆಗೇ ಚಲಾವಣೆಯಲ್ಲಿತ್ತು.

ಹಾಗಾದ್ರೆ ಆ ರೂಪಾಯಿಗೆ ಲಕ್ಷ ಬರುತ್ತಾ? ಬನ್ನಿ, ಲೆಕ್ಕ ಹಾಕೋಣ. ಚಾರ್‌ಮಿನಾರ್ ರೂಪಾಯಿ ತೂಕ ಸುಮಾರು 11 ಗ್ರಾಂ. ಅದರಲ್ಲಿ ಬೆಳ್ಳಿ ನೂರಕ್ಕೆ ಸುಮಾರು 82. ಅಂದ್ರೆ ಹೆಚ್ಚೂಕಡಿಮೆ 9 ಗ್ರಾಂ ಬೆಳ್ಳಿ. ಸಾಮಾನ್ಯ ಸ್ಥಿತಿಯ ನಾಣ್ಯಕ್ಕೆ ಆ ಬೆಳ್ಳಿಯ ಬೆಲೆ, ಮೇಲೆ ಸ್ವಲ್ಪ. ಅಷ್ಟೇ. ಯಾಕಂದ್ರೆ ಅದನ್ನ ಟಂಕಿಸಿದ್ದು ಒಂದೆರಡಲ್ಲ, ಇಡೀ ಸಂಸ್ಥಾನದ ವ್ಯವಹಾರಕ್ಕೆ ಬೇಕಾಗುವಷ್ಟು. ವೈಷ್ಣೋದೇವಿ ನಾಣ್ಯದ್ದೂ ಅದೇ ಕಥೆ. ಅದು ಕಿರಾಣಿ ಅಂಗಡಿ ಚಿಲ್ಲರೆಯಲ್ಲಿ ಓಡಾಡಿದ ನಾಣ್ಯ.

ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ ವೀಕ್ಷಕರೇ. ಎಷ್ಟು ತಯಾರಾದವು, ಎಷ್ಟು ಉಳಿದವು, ಯಾವ ಸ್ಥಿತಿಯಲ್ಲಿವೆ, ಯಾರಿಗೆ ಬೇಕು? ಈ ನಾಲ್ಕು ಪ್ರಶ್ನೆ ಬೆಲೆ ಕಟ್ಟುತ್ತವೆ. ನಾಣ್ಯವನ್ನ ಎಲ್ಲರೂ ಎತ್ತಿಟ್ಟರು, ಹಾಗಾಗಿ ಉಳೀತು. ಆ ನಾಣ್ಯ ನುಂಗಿ ಕೆಲಸ ಮಾಡ್ತಿದ್ದ ಮಷಿನ್‌ಗಳನ್ನ ಯಾರೂ ಇಟ್ಕೊಳ್ಳಲಿಲ್ಲ. ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಇವತ್ತು ಸಂಗ್ರಹಕಾರರು ಹುಡುಕ್ತಿರೋದು ಅವನ್ನೇ.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಜೂಕ್‌ಬಾಕ್ಸ್. 1889ರ ನವೆಂಬರ್ 23, ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇ ರಾಯಲ್ ಅನ್ನೋ ಮದ್ಯದಂಗಡಿ. ಲೂಯಿಸ್ ಗ್ಲಾಸ್ ಅನ್ನೋ ಉದ್ಯಮಿ ಅಲ್ಲೊಂದು ಫೋನೋಗ್ರಾಫ್ ಇಟ್ಟ. ಐದು ಸೆಂಟ್‌ನ ನಾಣ್ಯ ಹಾಕಿದರೆ ಹಾಡು. ಆಗ ಆಂಪ್ಲಿಫೈಯರ್ ಎಲ್ಲಿತ್ತು? ನಾಲ್ಕು ಕೊಳವೆ ಇದ್ದವು, ಒಮ್ಮೆಗೆ ನಾಲ್ಕೇ ಜನ ಕಿವಿಗಿಟ್ಟು ಕೇಳಬೇಕು. 1927ರ ಹೊತ್ತಿಗೆ ವಿದ್ಯುತ್ ಆಂಪ್ಲಿಫೈಯರ್ ಸೇರಿತು, ಇಡೀ ಹೋಟೆಲ್‌ಗೆ ಹಾಡು ಕೇಳಿಸ್ತು. 1946ರಲ್ಲಿ ವುರ್ಲಿಟ್ಜರ್ ಕಂಪನಿಯ 1015 ಮಾಡೆಲ್ ಬಂತು. ಬಣ್ಣದ ದೀಪ, ಗಾಜಿನ ಕೊಳವೆಯಲ್ಲಿ ಏರೋ ಗುಳ್ಳೆ, ಒಳಗೆ 24 ರೆಕಾರ್ಡ್. ಮಾರಾಟವಾಗಿದ್ದು 56 ಸಾವಿರಕ್ಕೂ ಹೆಚ್ಚು. ಅಷ್ಟು ತಯಾರಾದ್ರೂ ಸರಿಯಾಗಿ ಹಾಡೋ 1015 ಮಾಡೆಲ್‌ಗೆ ಈಗ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ಬೆಲೆ ಇದೆ. ಅಮೆರಿಕದಲ್ಲಿ ಜೂಕ್‌ಬಾಕ್ಸ್, ಸ್ಲಾಟ್ ಮಷಿನ್‌ಗಳಿಗೇ ಅಂತ ಪ್ರದರ್ಶನಗಳು ನಡೀತವೆ.

ನಮ್ಮ ದೇಶದಲ್ಲಿ ಜೂಕ್‌ಬಾಕ್ಸ್ ಇದ್ದದ್ದು ಮುಂಬೈನ ಕೆಲವು ಇರಾನಿ ಹೋಟೆಲ್‌ಗಳಂಥ ಜಾಗಗಳಲ್ಲಿ. ಭೀಮಾ ತೀರದಲ್ಲಿ ಅದಕ್ಕೆ ಹತ್ತಿರದ್ದು ಯಾವುದು? ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆ. ಚಿಲ್ಲರೆ ಕೊಡು, ತೂತಿಗೆ ಕಣ್ಣಿಡು, ದೆಹಲಿ ನೋಡು. ಆಮೇಲೆ ರೈಲ್ವೆ ಸ್ಟೇಷನ್‌ನ ತೂಕದ ಮಷಿನ್. ಬಣ್ಣದ ದೀಪ ಮಿನುಗ್ತಿತ್ತು, ಚಕ್ರ ತಿರುಗ್ತಿತ್ತು. ಹತ್ತಿ ನಿಂತು ನಾಣ್ಯ ಹಾಕಿದರೆ ಟಕ್ ಅಂತ ರಟ್ಟಿನ ಟಿಕೆಟ್. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಇಲ್ಲಾ ಸಿನಿಮಾ ತಾರೆ ಚಿತ್ರ. ಕೊನೆಗೆ ಕಿರಾಣಿ ಅಂಗಡಿ ಮುಂದೆ ನೇತಾಡ್ತಿದ್ದ ಒಂದು ರೂಪಾಯಿ ಕಾಯಿನ್ ಬಾಕ್ಸ್ ಫೋನ್. ಪೀಂ ಪೀಂ ಅಂದ ಕೂಡಲೇ ಇನ್ನೊಂದು ರೂಪಾಯಿ ಹಾಕಬೇಕು, ಇಲ್ಲಾಂದ್ರೆ ಮಾತು ಕಟ್!

ನಾನು ಎಂಜಿನಿಯರಿಂಗ್ ಓದಿದವನು. ಹಾಗಾಗಿ ನನ್ನ ಕುತೂಹಲ ಬೇರೆ. ಹಾಕಿದ್ದು ನಾಣ್ಯವೋ ಕಬ್ಬಿಣದ ವಾಷರೋ ಅಂತ ಆ ಡಬ್ಬಿಗೆ ಗೊತ್ತಾಗೋದು ಹೇಗೆ?

ಮೊದಲನೇ ಪರೀಕ್ಷೆ ಸೀಳಿನಲ್ಲೇ. ನಾಣ್ಯ ದಪ್ಪ ಇದ್ರೆ, ದೊಡ್ಡದಿದ್ರೆ ಒಳಗೆ ಹೋಗಲ್ಲ. ಎರಡನೇದು ಅಳತೆ. ಒಳಗಿನ ಹಳಿ ಮೇಲೆ ನಾಣ್ಯ ಉರುಳುತ್ತೆ. ಚಿಕ್ಕದಾದ್ರೆ ಪಕ್ಕಕ್ಕೆ ಬಿದ್ದು ವಾಪಸ್ ತಟ್ಟೆಗೆ. ಮೂರನೇದು ತೂಕ. ಪುಟ್ಟ ತಕ್ಕಡಿಯಂಥ ಸನ್ನೆ ಇರುತ್ತೆ, ಹಗುರ ಇದ್ರೆ ಅದು ಬಾಗೋದೇ ಇಲ್ಲ. ನಾಲ್ಕನೇದು ಆಯಸ್ಕಾಂತ. ಕಬ್ಬಿಣದ ಬಿಲ್ಲೆಯನ್ನ ಹಿಡಿದು ನಿಲ್ಲಿಸುತ್ತೆ. ತಾಮ್ರದ್ದು ಅಂಟಲ್ಲ, ಆದ್ರೆ ಆಯಸ್ಕಾಂತದ ಎದುರು ಉರುಳುವಾಗ ಅದರೊಳಗೆ ವಿದ್ಯುತ್ ಸುಳಿ ಹುಟ್ಟಿ ವೇಗ ಕಡಿಮೆ ಆಗುತ್ತೆ. ವೇಗ ಬದಲಾದ್ರೆ ಬೀಳೋ ಜಾಗ ಬದಲಾಗುತ್ತೆ, ಕಳ್ಳ ಸಿಕ್ಕಿಬೀಳ್ತಾನೆ. ಎಲ್ಲ ಮಷಿನ್‌ನಲ್ಲೂ ನಾಲ್ಕೂ ಇರಲ್ಲ, ಅಗ್ಗದ್ದರಲ್ಲಿ ಎರಡಿದ್ರೆ ಹೆಚ್ಚು. ಇದರಲ್ಲಿ ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ಇರೋದು ಗುರುತ್ವ, ಸನ್ನೆ, ಆಯಸ್ಕಾಂತ ಮಾತ್ರ. ಈ ಯೋಚನೆ ಎಷ್ಟು ಹಳೇದು ಅಂತೀರಿ? ಸುಮಾರು 2000 ವರ್ಷದ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಅನ್ನೋ ಪಂಡಿತ ಒಂದು ಯಂತ್ರದ ವಿವರ ಬರೆದಿಟ್ಟಿದ್ದಾನೆ. ಗುಡಿಯಲ್ಲಿ ನಾಣ್ಯ ಹಾಕಿದರೆ ಅಳತೆಯಷ್ಟೇ ತೀರ್ಥ ಬರೋ ಯಂತ್ರ!

ಇನ್ನು ಈ ಮಷಿನ್‌ಗಳು ಸತ್ತದ್ದು ಯಾಕೆ? ಮೊಬೈಲ್ ಬಂತು ಅಂತೀರಿ. ಅದು ನಿಜ, ಆದ್ರೆ ಅರ್ಧ ನಿಜ. ನಾಣ್ಯವೇ ಬದಲಾಗ್ತಾ ಹೋಯ್ತು. 1980ರ ದಶಕದ ಒಂದು ರೂಪಾಯಿ 26 ಮಿಲಿಮೀಟರ್, 6 ಗ್ರಾಂ, ತಾಮ್ರ-ನಿಕಲ್ ಮಿಶ್ರಣ. 1992ರಿಂದ 25 ಮಿಲಿಮೀಟರ್, 4.85 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್. ಅದು ಆಯಸ್ಕಾಂತಕ್ಕೆ ಅಂಟುತ್ತೆ! ಅಂದ್ರೆ ಕಳ್ಳ ಬಿಲ್ಲೆ ಹಿಡಿಯೋಕೆ ಆಯಸ್ಕಾಂತ ಇಟ್ಟ ಮಷಿನ್ ಸರ್ಕಾರದ ಅಸಲಿ ನಾಣ್ಯವನ್ನೇ ಕಳ್ಳ ಅನ್ನುತ್ತೆ. 2011ರಲ್ಲಿ ಮತ್ತೆ ಸಣ್ಣದಾಗಿ 22 ಮಿಲಿಮೀಟರ್‌ಗೆ ಇಳೀತು. ಅದೇ ವರ್ಷ ಜೂನ್ 30ಕ್ಕೆ ನಾಲ್ಕಾಣೆ, ಅಂದ್ರೆ 25 ಪೈಸೆ ಚಲಾವಣೆಯಿಂದಲೇ ಹೋಯ್ತು. ಪ್ರತಿ ಸಲವೂ ಮಷಿನ್‌ನ ಹೊಟ್ಟೆ ಬದಲಿಸಬೇಕು. ಒಂದೊಂದು ರೂಪಾಯಿ ದುಡಿಯೋ ಡಬ್ಬಿಗೆ ಆ ಖರ್ಚು ಯಾರು ಹಾಕ್ತಾರೆ? ಗುಜರಿಗೆ ಹಾಕಿದ್ರು.

ಹಾಗಾಗಿ ಅಟ್ಟದ ಮೇಲೆ ಹಳೇ ತೂಕದ ಮಷಿನ್, ಕಾಯಿನ್ ಫೋನ್, ಗ್ರಾಮಫೋನ್, ಮರ್ಫಿ ರೇಡಿಯೋ ಏನಾದರೂ ಉಳಿದಿದ್ರೆ ಕೆಲವು ಮಾತು ನೆನಪಿಟ್ಕೊಳ್ಳಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಸ ಪೇಂಟ್ ಹೊಡೀಬೇಡಿ. ಕಂಪನಿ ಹೆಸರಿನ ತಗಡು, ನಂಬರ್, ಹಳೇ ಬಿಲ್, ರೇಡಿಯೋ ಲೈಸೆನ್ಸ್ ಪುಸ್ತಕ ಕಳೀಬೇಡಿ. ಹೌದು, ಒಂದು ಕಾಲಕ್ಕೆ ಮನೇಲಿ ರೇಡಿಯೋ ಇಡೋಕೂ ಲೈಸೆನ್ಸ್ ಬೇಕಿತ್ತು! ವಸ್ತುವಿನ ಜೊತೆ ಕಾಗದ ಇದ್ರೆ ಅದರ ತೂಕವೇ ಬೇರೆ. ಒಳಗಿನ ಭಾಗಗಳು ಮೂಲದ್ದೇ ಆಗಿದ್ರೆ, ಓಡ್ತಿದ್ರೆ ಇನ್ನೂ ಹೆಚ್ಚು.

ಕೊಳ್ಳೋರಿಗೂ ಎಚ್ಚರಿಕೆ. ಮುಂಬೈನ ಚೋರ್ ಬಜಾರ್, ಹೈದರಾಬಾದ್‌ನ ಜುಮ್ಮೇರಾತ್ ಬಜಾರ್‌ನಂಥ ಕಡೆ ಫಳಫಳ ಹೊಳೆಯೋ ಹಿತ್ತಾಳೆ ಕೊಂಬಿನ ಗ್ರಾಮಫೋನ್ ನೋಡಿದ್ರೆ ಕೂಡಲೇ ಕಾಸು ಬಿಚ್ಚಬೇಡಿ. ಹೊಸ ಮರದ ಪೆಟ್ಟಿಗೆ, ಹೊಸ ಕೊಂಬು, ಬೇರೆ ಎಲ್ಲಿಂದಲೋ ಕಿತ್ತ ಮೋಟಾರ್, ಮೇಲೊಂದು ನಾಯಿ ಚಿತ್ರದ ಲೇಬಲ್. ಹೀಗೆ ಜೋಡಿಸಿದ ನಕಲಿಗಳು ಭಾರತದಿಂದ ಪ್ರಪಂಚಕ್ಕೆಲ್ಲ ಹೋಗಿವೆ.

ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾವಸ್ತು. ಖಾಸಗಿಯವರು ಅದನ್ನ ವಿದೇಶಕ್ಕೆ ಕಳಿಸೋ ಹಾಗಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ. ಮುಚ್ಚಿಟ್ಟರೆ ಅಪರಾಧ, ಸರ್ಕಾರಕ್ಕೆ ತಿಳಿಸಲೇಬೇಕು. ಪಕ್ಕದ ಸನ್ನತಿಯಲ್ಲಿ ಅಶೋಕನ ಶಾಸನವೇ ಸಿಕ್ಕ ನೆಲ ಇದು. ಇಲ್ಲಿ ಈ ಮಾತು ಸುಮ್ಮನೆ ಹೇಳಿದ್ದಲ್ಲ.

ಈಗ ಆ ವಾಟ್ಸಾಪ್ ನಂಬರ್‌ಗೆ ವಾಪಸ್ ಬರೋಣ. ಫೋಟೋ ಕಳಿಸ್ತೀರಿ, ಕೂಡಲೇ ಲಕ್ಷದ ಮಾತು. ಆಮೇಲೆ ರಿಸರ್ವ್ ಬ್ಯಾಂಕ್ ಹೆಸರಿನ ಪತ್ರ. ನೋಂದಣಿ ಶುಲ್ಕ ಕಟ್ಟಿ, ಕಮಿಷನ್ ಕಟ್ಟಿ, ಟ್ಯಾಕ್ಸ್ ಕಟ್ಟಿ. ಕಟ್ತಾ ಹೋಗೋದು ನೀವು, ಬರೋದು ಏನೂ ಇಲ್ಲ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಹಳೇ ನೋಟು ನಾಣ್ಯದ ಇಂಥ ವ್ಯವಹಾರ ತಾನು ಮಾಡಲ್ಲ, ಅದಕ್ಕೆ ಶುಲ್ಕ ಕೇಳಲ್ಲ, ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ. ತೊಗರಿ ಮಾರೋಕೆ ಹೋದಾಗ ಖರೀದಿದಾರ ನಮಗೆ ದುಡ್ಡು ಕೊಡ್ತಾನೆ, ನಮ್ಮಿಂದ ಇಸ್ಕೊಳ್ಳಲ್ಲ. ನಾಣ್ಯ ಮಾರುವಾಗಲೂ ಲೆಕ್ಕ ಅದೇ ಅಲ್ವಾ? ದುಡ್ಡು ಕಳಿಸಿಬಿಟ್ಟಿದ್ರೆ ನಾಚಿಕೆ ಬೇಡ, ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮುತ್ಯಾನ ಬೆಳ್ಳಿ ರೂಪಾಯಿ ತಿಜೋರಿಯಲ್ಲೇ ಇರಲಿ, ಮೊಮ್ಮಕ್ಕಳಿಗೆ ಹಾಲಿ ಸಿಕ್ಕಾ ಕಥೆ ಹೇಳೋಕೆ ಬೇಕು. ಗುಜರಿ ಗಾಡಿ ಬಂದಾಗ ಮಾತ್ರ ಒಂದು ನಿಮಿಷ ತಡೀರಿ. ಅಟ್ಟದಿಂದ ಇಳಿಸಿದ ಡಬ್ಬಿ ಮೇಲೆ ನಾಣ್ಯ ಹಾಕೋ ಸೀಳೇನಾದ್ರೂ ಇದ್ರೆ ತೂಕಕ್ಕೆ ಹಾಕಬೇಡಿ. ಡಬ್ಬದಲ್ಲಿ ಬಿದ್ದಿರೋ ನಾಲ್ಕಾಣೆ, ಎಂಟಾಣೆಗಳನ್ನೂ ಎತ್ತಿಡಿ. ನಾಲ್ಕಾಣೆ ಅಂಗಡಿಯಲ್ಲಿ ನಡೆಯಲ್ಲ ನಿಜ, ಆದ್ರೆ ಆ ಮಷಿನ್ ಮತ್ತೆ ಎದ್ದು ಕೂರಬೇಕು ಅಂದ್ರೆ ಅದಕ್ಕೆ ಬೇಕಾಗೋದು ಅದರ ಕಾಲದ ಚಿಲ್ಲರೆಯೇ.