ಹಳೆಯ ಲ್ಯಾಪ್‌ಟಾಪಿಗೆ ಹೊಸ ಜೀವ

ಕೆಲಸ ಮಾಡುವ ವಸ್ತು ನಿಧಾನವಾಯಿತೆಂದರೆ ಅದಕ್ಕೆ ಮುಪ್ಪಡರಿತೆಂದು ತೀರ್ಮಾನಿಸಿ ಅಟ್ಟಕ್ಕೇರಿಸುವುದು ನಮ್ಮಲ್ಲಿ ವಾಡಿಕೆ. ಗುಂಡಿಯೊತ್ತಿ, ಕಾಫಿ ಕುಡಿದು ಬಂದರೂ ತೆರೆ ಬೆಳಗದ ಲ್ಯಾಪ್‌ಟಾಪು ಇಂದು ಅನೇಕ ಮನೆಗಳಲ್ಲಿ ಈ ಗತಿಗೆ ಈಡಾಗಿದೆ. ತಾಳವಾಡಿ, ಹೊಸೂರು ಕಡೆಯ ಮನೆಗಳಲ್ಲಿ, 2011ರಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ಉಚಿತ ಯೋಜನೆಯಿಂದ ಮಕ್ಕಳಿಗೆ ದೊರೆತ ಯಂತ್ರಗಳೂ ಇವುಗಳಲ್ಲಿ ಸೇರಿವೆ. ಆದರೆ ವಿಚಾರಿಸಿ ನೋಡಿದರೆ, ಬಹುತೇಕ ಸಂದರ್ಭಗಳಲ್ಲಿ ಹಿಂದೆ ಬಿದ್ದಿರುವುದು ಇಡೀ ಯಂತ್ರವಲ್ಲ, ಅದರ ಒಂದು ಅಂಗ ಮಾತ್ರ.

ಆ ಅಂಗವೇ ಹಾರ್ಡ್ ಡಿಸ್ಕ್. ಅದರೊಳಗೆ ಕಾಂತಲೇಪವುಳ್ಳ ತಟ್ಟೆಯೊಂದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಪುಟ್ಟ ಕೈಯೊಂದು ಅದರ ಮೇಲೆ ಸರಿದಾಡುತ್ತ ಮಾಹಿತಿಯನ್ನು ಓದುತ್ತದೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕಿನ ತತ್ತ್ವವೂ ಇದೇ. ತಟ್ಟೆಯ ಒಂದು ಸುತ್ತಿಗೆ ಸೆಕೆಂಡಿನ 90ನೆಯ ಒಂದು ಭಾಗ ಸಾಕು. ಆದರೆ ಯಂತ್ರ ಎಚ್ಚರಗೊಳ್ಳುವಾಗ ಅಲ್ಲಲ್ಲಿ ಚದುರಿರುವ ಸಾವಿರಾರು ತುಣುಕುಗಳನ್ನು ಹುಡುಕಿ ತರಬೇಕು. ಪ್ರತಿಯೊಂದಕ್ಕೂ ಕೈ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಸೆಕೆಂಡಿಗೆ ನೂರು ತುಣುಕು ಸಿಕ್ಕಿದರೆ ಹೆಚ್ಚು.

ಸಾಲಿಡ್ ಸ್ಟೇಟ್ ಡ್ರೈವ್, ಅರ್ಥಾತ್ ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ತೋಶಿಬಾ ಸಂಸ್ಥೆಯಲ್ಲಿದ್ದ ಜಪಾನೀ ತಂತ್ರಜ್ಞ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಸ್ಮರಣೆಯೇ ಇದರ ಆಧಾರ. ಮಾಹಿತಿ ವಿದ್ಯುದಾವೇಶದ ರೂಪದಲ್ಲಿ ಚಿಪ್ಪುಗಳಲ್ಲಿ ನಿಲ್ಲುತ್ತದೆ. ಬೇಕಾದ ತುಣುಕು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟರಲ್ಲಿಯೇ ಕೈಗೆ ಬರುತ್ತದೆ. 2013ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪು ಏಳಲು ಆರು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗ ಅರ್ಧ ನಿಮಿಷ ಸಾಕು.

ಬದಲಾವಣೆಯ ಕೆಲಸ ಕಠಿಣವಲ್ಲ. ಆ ಕಾಲದ ಹೆಚ್ಚಿನ ಯಂತ್ರಗಳಲ್ಲಿ ಎರಡೂವರೆ ಅಂಗುಲದ ಸಾಟಾ ಡಿಸ್ಕ್ ಇರುತ್ತದೆ. ಅದೇ ಅಳತೆಯ ಎಸ್.ಎಸ್.ಡಿ. ಅದೇ ಜಾಗದಲ್ಲಿ ಕೂರುತ್ತದೆ. ಯು.ಎಸ್.ಬಿ. ತಂತಿಯಿಂದ ಹೊಸದನ್ನು ಜೋಡಿಸಿ, ಹಳೆಯ ಡಿಸ್ಕಿನ ಯಥಾಪ್ರತಿಯನ್ನು ಅದಕ್ಕೆ ಇಳಿಸಬೇಕು. ಬಳಿಕ ಯಂತ್ರವನ್ನು ಪೂರ್ತಿ ಆರಿಸಿ, ಬ್ಯಾಟರಿ ತೆಗೆದು, ತಿರುಪುಗಳನ್ನು ಬಿಚ್ಚಿ ಅದಲುಬದಲು ಮಾಡಿದರಾಯಿತು. ಬಳಸಿದಷ್ಟು ಮಾಹಿತಿ ಹಿಡಿಸುವ ಸಾಮರ್ಥ್ಯ ಹೊಸದಕ್ಕೆ ಇರಬೇಕೆಂಬುದನ್ನು ಮರೆಯಬಾರದು.

ಇಲ್ಲಿ ಗಡಿಯಾಚೆಯ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ನಾನು ಈ ಕೆಲಸವನ್ನು ಘಟ್ಟದ ಕೆಳಗಿನ ಪೇಟೆಯ ಅಂಗಡಿಯೊಂದಕ್ಕೆ ಒಪ್ಪಿಸಿದ್ದೆ. ಕೆಲಸಗಾರನು ಯಥಾಪ್ರತಿ ಮಾಡದೆ, ಹೊಸ ಡ್ರೈವಿಗೆ ಎಲ್ಲವನ್ನೂ ಹೊಸದಾಗಿ ಹಾಕಿ, ಕಡತಗಳನ್ನಷ್ಟೇ ನಕಲಿಸಿದ್ದನು. ಕೆಲವನ್ನು ತೆರೆದು ತೋರಿಸಿ, "ಇವು ಕೆಟ್ಟುಹೋಗಿವೆ, ಅಳಿಸಿಬಿಡಲೇ?" ಎಂದು ತಮಿಳಿನಲ್ಲಿ ಕೇಳಿದನು. ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಿದ್ದವು. ಅವು ಕೆಟ್ಟಿರಲಿಲ್ಲ. ಮಕ್ಕಳು ಊರಿನ ಅಜ್ಜಿಯರಿಂದ ಕೇಳಿ ಬರೆದು ತಂದ ಹಾಡುಗಳನ್ನು ನಾನು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪುಟಗಳು ಅವು. ಹಾಡಿದವರಲ್ಲಿ ಹಲವರು ಇಂದು ನಮ್ಮೊಡನಿಲ್ಲ.

ಕಾರಣ ಸರಳ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದವು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ, ಅಂದರೆ ಫಾಂಟ್, ಯಂತ್ರದಲ್ಲಿಲ್ಲದಿದ್ದರೆ ಕನ್ನಡ ಮರೆಯಾಗಿ ರೋಮನ್ ಅಕ್ಷರಗಳು ಕಾಣುತ್ತವೆ. ಹಳೆಯ ಡಿಸ್ಕಿನಿಂದ ಫಾಂಟನ್ನು ತಂದು ಹಾಕಿದೊಡನೆ ಹಾಡುಗಳೆಲ್ಲ ಮರಳಿ ಕಾಣಿಸಿದವು. ಕನ್ನಡ ಓದಲು ಬಾರದವನಿಗೆ ಇದು ತಿಳಿಯದಿದ್ದುದು ಅವನ ತಪ್ಪಲ್ಲ; ಮೊದಲೇ ಹೇಳದಿದ್ದುದು ನನ್ನ ತಪ್ಪು.

ಆದುದರಿಂದ ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ ಕಡತಗಳೊಡನೆ ಫಾಂಟುಗಳನ್ನೂ ಬೇರೊಂದೆಡೆ ನಕಲಿಸಿಡಿರಿ. ಬಿಡುವಾದಾಗ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿರಿ. ಅದಕ್ಕೆ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಎಲ್ಲ ಕಡತಗಳನ್ನೂ ತೆರೆದು ಓದಿ ನೋಡುವವರೆಗೆ ಹಳೆಯ ಡಿಸ್ಕನ್ನು ಅಳಿಸಲು ಒಪ್ಪಬೇಡಿರಿ. ಅನಂತರ ಅದನ್ನು ಒಂದು ಕವಚಕ್ಕೆ ಹಾಕಿದರೆ ನಕಲು ಸಂಗ್ರಹಿಸುವ ಪೆಟ್ಟಿಗೆಯಾಗುತ್ತದೆ.

ಎಸ್.ಎಸ್.ಡಿ. ಸರ್ವರೋಗಪರಿಹಾರಿಯಲ್ಲ. ರ್‍ಯಾಮ್ 2 ಜಿ.ಬಿ. ಮಾತ್ರವಿದ್ದರೆ ಅದನ್ನೂ ಹೆಚ್ಚಿಸುವುದು ಮೇಲು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಯಂತ್ರಗಳಿಗೆ ಉಚಿತವಾದ ಲಿನಕ್ಸ್ ಯೋಗ್ಯ ಆಯ್ಕೆ. ಅಲ್ಲದೆ ಎಸ್.ಎಸ್.ಡಿ. ಕೆಡುವಾಗ ಮುನ್ಸೂಚನೆ ಕೊಡದೆ ಕೆಡಬಹುದು. ಅದರಿಂದ ಅಳಿಸಿಹೋದುದನ್ನು ಮರಳಿ ಪಡೆಯುವುದೂ ದುಸ್ತರ. ನಕಲು ತಪ್ಪದೆ ಇರಲಿ.

ಹೊಸ ಯಂತ್ರವನ್ನು ಹಣ ಕೊಟ್ಟು ಎಂದಾದರೂ ಕೊಳ್ಳಬಹುದು. ನಮ್ಮ ಅಜ್ಜಿಯರ ಹಾಡು ಯಾವ ಅಂಗಡಿಯಲ್ಲಿಯೂ ದೊರೆಯದು.