ಅಂದು ಸ್ಲೇಟು, ಇಂದು ಗಣಕಯಂತ್ರ: ಕಲಿಸುವವರು ನಾವಾಗೋಣ



ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿ ಶಾಲೆಗಳಿಗೆ ವಿಶೇಷ ಸ್ಥಾನವಿದೆ. ಊರು ಬಿಟ್ಟು ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದರು. ಅಲ್ಲಿ ಕಲಿತವರು ಬ್ಯಾಂಕು, ಕಚೇರಿ, ಕೋರ್ಟುಗಳನ್ನು ಸೇರಿದರು. ಸ್ವಂತ ಹೋಟೆಲುಗಳನ್ನೂ ಕಟ್ಟಿದರು. ನಿಮ್ಮಲ್ಲಿ ಹಲವರ ತಂದೆ, ಅಜ್ಜಂದಿರು ಅವರೇ. ಅವರಿಗೆ ಅಕ್ಷರ ಕಲಿಸಿದವರು ತಮ್ಮ ಬಿಡುವಿನ ಹೊತ್ತನ್ನೇ ಕೊಟ್ಟಿದ್ದರು.

ಇಂದು ಅಕ್ಷರದ ಜತೆಗೆ ಗಣಕಯಂತ್ರದ ಅರಿವೂ ಬೇಕು. ನಮ್ಮ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಎಂಬಂಥ ಮಕ್ಕಳು ಹಿಂದುಳಿದರು. ಶಾಲೆ ಮತ್ತೆ ತೆರೆಯಿತು, ಆದರೆ ಆ ಅಂತರ ತಾನಾಗಿ ಮುಚ್ಚುವಂಥದ್ದಲ್ಲ.

ಹಾಗಾದರೆ ಕಲಿಸುವುದು ಏನನ್ನು? ಮಗು ಪರದೆಯ ಮೇಲೆ ಬೆರಳಾಡಿಸಿದ ಮಾತ್ರಕ್ಕೆ ಗಣಕ ಕಲಿತಂತಲ್ಲ. ಇದಕ್ಕೆ ಉತ್ತರ ನಮ್ಮ ಪವಾಯಿಯಲ್ಲೇ ಸಿಕ್ಕಿದೆ. ಅಲ್ಲಿನ ಐ.ಐ.ಟಿ.ಯ ಪ್ರಾಧ್ಯಾಪಕ ಶ್ರೀಧರ ಅಯ್ಯರ್ ಮತ್ತು ಸಂಗಡಿಗರು ಶಾಲಾ ಮಕ್ಕಳಿಗಾಗಿ 'ಕಂಪ್ಯೂಟರ್ ಮಸ್ತಿ' ಎಂಬ ಪುಸ್ತಕಮಾಲೆ ರೂಪಿಸಿದರು. ತೇಜಸ್, ಜ್ಯೋತಿ ಎಂಬಿಬ್ಬರು ಮಕ್ಕಳು ಮತ್ತು ಮೋಜ್ ಎಂಬ ಇಲಿ ಅದರ ಪಾತ್ರಗಳು. ಯಾವ ಗುಂಡಿ ಒತ್ತಬೇಕು ಎಂಬುದಕ್ಕಿಂತ ಹೆಜ್ಜೆ ಹೆಜ್ಜೆಯಾಗಿ ಯೋಚಿಸುವುದು ಹೇಗೆ ಎಂಬುದಕ್ಕೆ ಅಲ್ಲಿ ಹೆಚ್ಚು ಒತ್ತು. ಅದನ್ನು ಕಲಿಸಲು ಮೊದಲ ದಿನವೇ ಯಂತ್ರ ಬೇಕಿಲ್ಲ.

ಒಂದು ಆಟ ನೋಡಿ. ನೀವು ಯಂತ್ರಮಾನವ, ಮಕ್ಕಳು ಆಜ್ಞೆ ಕೊಡುವವರು. ಕೆಲಸ ದೋಸೆ ಹೊಯ್ಯುವುದು. "ಹಿಟ್ಟು ಹೊಯ್ಯಿ" ಎಂದರೆ ನೀವು ನೆಲಕ್ಕೇ ಹೊಯ್ದಂತೆ ನಟಿಸಿ! "ಅಯ್ಯೋ, ಕಾವಲಿಗೆ! ಮೊದಲು ಒಲೆ ಹಚ್ಚಿ, ಎಣ್ಣೆ ಸವರಿ!" ಎಂದು ಮಕ್ಕಳು ನಗುತ್ತಲೇ ತಮ್ಮ ಆಜ್ಞೆಗಳನ್ನು ತಿದ್ದಿಕೊಳ್ಳುತ್ತಾರೆ. ಹೀಗೆ ಒಂದೂ ಹೆಜ್ಜೆ ತಪ್ಪದಂತೆ ಕ್ರಮವಾಗಿ ಹೇಳುವುದನ್ನೇ ಗಣಕಶಾಸ್ತ್ರದಲ್ಲಿ ಅಲ್ಗಾರಿದಮ್ ಎನ್ನುತ್ತಾರೆ.

ಇನ್ನೊಂದು ಆಟ ಲೋಕಲ್ ರೈಲಿನದು. ಬೋರಿಬಂದರಿನಿಂದ ಮಾಟುಂಗಕ್ಕೆ ಹೋಗಬೇಕು. ಸ್ಲೋ ಲೋಕಲ್ ಬಂದರೆ ನೇರ ಹೋಗು. ಫಾಸ್ಟ್ ಬಂದರೆ ದಾದರಿನಲ್ಲಿ ಇಳಿದು ಸ್ಲೋ ಹಿಡಿ. 'ಹೀಗಾದರೆ ಇದು, ಇಲ್ಲವಾದರೆ ಅದು' ಎಂಬುದೇ ಗಣಕ ನಿರ್ಧಾರ ಮಾಡುವ ಬಗೆ. "ಭಾನುವಾರ ಮೆಗಾ ಬ್ಲಾಕ್ ಇದ್ದರೆ?" ಎಂದು ಯಾವ ಮಗುವಾದರೂ ಕೇಳಿತೋ, ನಿಮ್ಮ ಪಾಠ ಗೆದ್ದಿತೆಂದೇ ತಿಳಿಯಿರಿ.

ಇಷ್ಟಾದ ಮೇಲೆ ಯಂತ್ರ ಬರಲಿ. ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ 'ಸ್ಕ್ರಾಚ್' ಉಚಿತವಾಗಿ ದೊರೆಯುತ್ತದೆ. ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಜೋಡಿಸಿ ಮಕ್ಕಳು ತಾವೇ ಕತೆ, ಆಟ ಕಟ್ಟಬಹುದು. ಜತೆಗೆ ಬೆನ್ನು ನೆಟ್ಟಗೆ ಕೂರುವುದು, ಕಣ್ಣಿಗೆ ವಿಶ್ರಾಂತಿ, ಗುಪ್ತಪದವನ್ನು ಯಾರಿಗೂ ಹೇಳದಿರುವುದು, ಇವೂ ಪಾಠವೇ.

ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲೇ ಬೆರಳಚ್ಚಿಸಲಿ. 'ನುಡಿ' ತಂತ್ರಾಂಶದ ಕೀಲಿಮಣೆ ವಿನ್ಯಾಸಕ್ಕೆ ಮೂಲ ಕಿನ್ನಿಕಂಬಳ ಪದ್ಮನಾಭ ರಾಯರು. ಇಂಗ್ಲಿಷಿನ 'ಕೆ' ಒತ್ತಿದರೆ 'ಕ', 'ಜಿ' ಒತ್ತಿದರೆ 'ಗ', ಮಗುವಿಗೂ ಸುಲಭ. ರಾಯರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರೆಂಬುದು ನಮಗೆಲ್ಲ ಹೆಮ್ಮೆ.

ಬೇಕಾದದ್ದು ಹೆಚ್ಚೇನಿಲ್ಲ. ವಾರಕ್ಕೊಂದು ಗಂಟೆ, ಸಂಘದ ಒಂದು ಕೋಣೆ, ನಿಮ್ಮ ಕಪಾಟಿನಲ್ಲಿ ಧೂಳು ಹಿಡಿದಿರುವ ಹಳೆಯ ಲ್ಯಾಪ್‌ಟಾಪು. ಹತ್ತು ಮಕ್ಕಳಿಂದ ಆರಂಭಿಸಿ. ಒಂದು ಯಂತ್ರಕ್ಕೆ ಇಬ್ಬರು ಕುಳಿತರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಪೋಷಕರ ಮತ್ತು ಶಾಲೆಯ ಒಪ್ಪಿಗೆ ಮಾತ್ರ ಮೊದಲೇ ಪಡೆಯಿರಿ.

"ನಮಗೇ ಕನ್ನಡ ಸರಿಯಾಗಿ ಬರುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ಸಂಕೋಚ ಬೇಡ. ನೀವು ಅವರಿಗೆ ಗಣಕ ಕಲಿಸಿ. ನಿಮ್ಮ ಕನ್ನಡವನ್ನು ಆ ಪುಟಾಣಿಗಳೇ ತಿದ್ದುತ್ತಾರೆ. ನಿಮ್ಮ ಅಜ್ಜನಿಗೆ ಅಂದು ಯಾರೋ ಸ್ಲೇಟು ಹಿಡಿಸಿದ ಋಣ ಇನ್ನೂ ಉಳಿದಿದೆ. ತೀರಿಸಲು ಈ ಭಾನುವಾರವೇ ಒಳ್ಳೆಯ ದಿನ.